ಗಂಡಿಗೊಂದು ನೀರು, ಹೆಣ್ಣಿಗೊಂದು ನೀರು

ಆನಗೋಡಿನ ಚೌಡವ್ವ ನೀರು ಹಾಕಿದ ಕೂಸು ಕೆಮ್ಮುವುದಿಲ್ಲ, ಸೀನುವುದಿಲ್ಲ, ಅದರ ಕಿವಿಗೆ ಒಂದು ಹನಿಯೂ ಇಳಿಯುವುದಿಲ್ಲ ಎಂಬ ಮಾತು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಬಾಣಂತಿಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿತ್ತು. ಬೆಳಗಿನ ಮೊದಲ ಬಸ್ಸಿಗೆ ಊರು ಬಿಟ್ಟು, ಬಿಸಿಲೇರುವ ಮುನ್ನ ಬಚ್ಚಲುಮನೆಯ ಮಣೆಯ ಮೇಲೆ ಕುಳಿತು, ಸೀರೆಯನ್ನು ಮೊಳಕಾಲಿನವರೆಗೆ ಸರಿಸಿ, ಕಾಲು ನೀಡಿ, ಆ ಎರಡು ಕಾಲುಗಳ ನಡುವಣ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಂಡಳೆಂದರೆ, ಹೆತ್ತವಳು ನಿಶ್ಚಿಂತೆಯಿಂದ ಕಣ್ಣು ಮುಚ್ಚಬಹುದಿತ್ತು. ಹರಳೆಣ್ಣೆ ನೀವುವ ಬಗೆ, ಕಡಲೆಹಿಟ್ಟು ತೀಡುವ ಬಗೆ, ತಲೆಯ ಮೇಲೆ ಚೊಂಬು ಬಗ್ಗಿಸುವಾಗ ಅಂಗೈಯನ್ನು ಕಿವಿಗೆ ಮರೆಹಿಡಿಯುವ ಬಗೆ, ಎಲ್ಲವೂ ಅವಳಿಗೆ ತಾಯಿ ಮರಿಯವ್ವನಿಂದ ಬಂದುದು. ಮರಿಯವ್ವನಿಂದ ಬಂದುದರಲ್ಲಿ ಇನ್ನೂ ಒಂದಿತ್ತು. ಗಂಡುಕೂಸಿಗೆ ಹಾಕುವ ನೀರು ಬೇರೆ, ಹೆಣ್ಣುಕೂಸಿಗೆ ಹಾಕುವ ನೀರು ಬೇರೆ.

ನೀರೇನೋ ಒಂದೇ ಹಂಡೆಯದು. ಗಂಡಾದರೆ ರಟ್ಟೆಗಳನ್ನು ಹೊರಕ್ಕೆ ಎಳೆದು, ಎದೆಯನ್ನು ಅಗಲಿಸಿ ತಿಕ್ಕುವಳು. ಅದು ಕಿರುಚಿದರೆ, “ಹಾಂ, ಗುಡುಗು ನನ್ನಪ್ಪ, ಇನ್ನೂ ಗುಡುಗು!” ಎಂದು ಹುರಿದುಂಬಿಸುವಳು. ಮಿಂದಾದ ಮೇಲೆ ಬಟ್ಟೆ ಸುತ್ತಿ ಹೊರಬಾಗಿಲಿಗೆ ಎತ್ತಿಕೊಂಡು ಹೋಗಿ, ಎಳೆಯ ಪಾದಗಳನ್ನು ಹೊಸ್ತಿಲಿಗೆ ಮುಟ್ಟಿಸಿ, “ಊರು ಸುತ್ತಿ ಬಾ” ಎನ್ನುವಳು. ಹೆಣ್ಣಾದರೆ ಕೈಕಾಲುಗಳನ್ನು ಒಳಕ್ಕೆ ಮಡಿಸಿ, ಮೊಣಕಾಲು ಕೂಡಿಸಿ, ಮೂಗು ನೀವಿ ಚೂಪು ಮಾಡುವಳು. ಅದು ಅತ್ತರೆ ಹೆಬ್ಬೆರಳನ್ನು ತುಟಿಯ ಮೇಲೆ ಅಡ್ಡಲಾಗಿಟ್ಟು ಮೆತ್ತಗೆ ಒತ್ತಿ, “ಮಾತು ಒಳಗಿರಲಿ, ಹೋದ ಮನೆ ತುಂಬಲಿ” ಎನ್ನುವಳು. ಅಳು ಎಳೆದ ದಾರದಂತೆ ಒಳಗೆ ಸರಿದುಹೋಗುವುದು. ಆ ಹೆಬ್ಬೆರಳಿನ ಅಡಿಯಲ್ಲಿ ಸುಮ್ಮನಾಗದ ಹೆಣ್ಣುಕೂಸು ಈ ಸೀಮೆಯಲ್ಲಿ ಹುಟ್ಟಿಲ್ಲವೆಂದು ಹೆಂಗಸರು ಕೊಂಡಾಡುವಾಗ ಚೌಡವ್ವನಿಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಆ ವರ್ಷ ಅದೇ ಬಡಾವಣೆಯ ಬಿ ಬ್ಲಾಕಿನ ದ್ರಾಕ್ಷಾಯಣಮ್ಮನವರ ಮನೆಯಲ್ಲಿ ಅವಳಿಗೆ ಬಾಣಂತನದ ಕೆಲಸ ದೊರೆಯಿತು. ಬಟ್ಟೆ ವ್ಯಾಪಾರದ ಮನೆತನ. ಶಿವಪೂಜೆಯಿಲ್ಲದೆ ನೀರು ಮುಟ್ಟದ ಮನೆ. ಮಗಳು ಸ್ನೇಹಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಅವಳಿಜವಳಿ ಹೆತ್ತಿದ್ದಳು. ಒಂದು ಗಂಡು, ಒಂದು ಹೆಣ್ಣು. ಚೌಡವ್ವನ ಎರಡು ಬಗೆಯ ನೀರೂ ಒಂದೇ ಬಚ್ಚಲಿನಲ್ಲಿ, ಒಂದರ ಹಿಂದೊಂದು ಬೀಳತೊಡಗಿದವು. ಬೇರೆ ಬೇರೆ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳದಿದ್ದ ಭೇದ ಅಲ್ಲಿ ಎದುರುಬದುರಾಗಿ ನಿಂತಿತು.

“ಚೌಡವ್ವ, ತಮ್ಮಗೆ ಗುಡುಗು ಅಂತೀಯ, ಪುಟ್ಟಿಗೆ ಬಾಯಿ ಮುಚ್ಚಿಸ್ತೀಯ. ಯಾಕ ಹಂಗೆ?” ಎಂದು ಸ್ನೇಹಾ ಒಂದು ದಿನ ಬಚ್ಚಲ ಬಾಗಿಲಿಗೆ ಒರಗಿ ನಿಂತು ಕೇಳಿದಳು.

“ಯಾಕ ಅಂದ್ರೆ? ಗಂಡು ಗಂಡೇ, ಹೆಣ್ಣು ಹೆಣ್ಣೇ ಅಲ್ಲೇನು ಸ್ನೇಹವ್ವ.”

“ಮೊನ್ನೆ ಅಯ್ಯನವರು ಬಂದು ಇಬ್ಬರಿಗೂ ಲಿಂಗ ಕಟ್ಟಿದ್ರಲ್ಲ, ಹುಡುಗಿಗೆ ಸಣ್ಣದು ಸಾಕು ಅಂದ್ರೇನು? ಲಿಂಗಕ್ಕಿಲ್ಲದ ಭೇದ ನಿನ್ನ ಚೊಂಬಿಗ್ಯಾಕ?”

ಪೂಜೆಯ ಕೋಣೆಯಿಂದಲೇ ದ್ರಾಕ್ಷಾಯಣಮ್ಮನವರ ಧ್ವನಿ ಬಂದಿತು. “ಓದಿದ್ದನ್ನೆಲ್ಲ ಬಚ್ಚಲಿಗೆ ತರಬ್ಯಾಡ್ವೇ. ನಿಂಗೂ ಹಿಂಗೇ ನೀರು ಹಾಕಿದ್ದು, ಇವಳವ್ವ ಮರಿಯವ್ವ. ನಿಂಗೇನು ಕಡಿಮೆ ಆಗೈತೆ?”

“ಅದಕ್ಕೇ ನಮ್ಮತ್ತೆ ಮುಂದೆ ನಂಗೆ ಬಾಯೇ ಬರಂಗಿಲ್ಲ.”

“ಹೆತ್ತವ್ವನ ಮುಂದೆ ಬರ್ತೈತಲ್ಲ, ಅಷ್ಟು ಸಾಕು ಬಿಡು!”

ಮೂವರೂ ನಕ್ಕರು. ಆದರೆ ಸ್ನೇಹಾಳ ಮಾತು ಚೌಡವ್ವನಿಗೆ ಉಗುರಿನ ಸಂದಿಗೆ ಹೊಕ್ಕ ಸಿಬಿರಿನಂತೆ ಅಲ್ಲಿಯೇ ಉಳಿಯಿತು. ಏಕೆಂದರೆ ಅತ್ತೆಯ ಮುಂದೆ ಬಾಯಿ ಬಾರದ ಇನ್ನೊಬ್ಬಳನ್ನು ಅವಳು ಬಲ್ಲಳು. ಆ ಒಬ್ಬಳಿಗೆ ನೀರು ಹಾಕಿದ ಕೈ ಮರಿಯವ್ವನದಲ್ಲ, ತನ್ನದೇ.

ಮಗಳು ಚೈತ್ರಾ ಹುಟ್ಟುವಾಗಲೇ ದೊಡ್ಡ ದನಿಯವಳು. ಶಾಲೆಯಲ್ಲಿ ಪದ್ಯ ಹೇಳಲು ನಿಲ್ಲಿಸಿದರೆ ಆ ದನಿ ಊರಬಾಗಿಲಿಗೆ ಕೇಳುತ್ತಿತ್ತು. ಸಾಲದ್ದಕ್ಕೆ ಅಣ್ಣ ಗಿರೀಶನ ಮೇಲೆ ಜಗಳಕ್ಕೆ ನಿಂತರೆ ಕೇರಿಯೇ ನೆರೆಯುತ್ತಿತ್ತು. ಬೈಯುವುದು, ಬಡಿಯುವುದು ಚೌಡವ್ವನ ಸ್ವಭಾವವಲ್ಲ. ದೂರದಿಂದ ಮಗಳ ಕಣ್ಣಿಗೆ ಬೀಳುವಂತೆ ತನ್ನ ತುಟಿಯ ಮೇಲೆ ಹೆಬ್ಬೆರಳಿಡುತ್ತಿದ್ದಳು, ಅಷ್ಟೇ. ಹುಡುಗಿ ಹತ್ತು ಮಾತಿನಲ್ಲಿ ಐದನ್ನು ನುಂಗಿದಳು, ಬರುಬರುತ್ತ ಎಂಟನ್ನು, ಮೈನೆರೆಯುವ ಹೊತ್ತಿಗೆ ಹೆಬ್ಬೆರಳಿನ ಅಗತ್ಯವೇ ಉಳಿಯಲಿಲ್ಲ. ಹರಿಹರದಿಂದ ನೋಡಲು ಬಂದವರು, “ಹುಡುಗಿ ಮಾತೇ ಆಡಂಗಿಲ್ಲ, ಬಂಗಾರದಂಥಾಕಿ” ಎಂದು ಮೆಚ್ಚಿಕೊಂಡೇ ತಾಂಬೂಲ ಹಿಡಿದರು.

ಗಿರೀಶನಿಗೆ ಹಾಕಿದ ನೀರೂ ಹುಸಿಯಾಗಲಿಲ್ಲ. ಊರು ಸುತ್ತಿ ಬಾ ಎಂದು ಹರಸಿದ್ದಳು. ಅವನು ಸಾಮಾನಿನ ಗಾಡಿ ಹೊಡೆದುಕೊಂಡು ಊರೂರು ಸುತ್ತಿ, ಉಣ್ಣುವುದಕ್ಕೆ, ಮಲಗುವುದಕ್ಕೆ ಮನೆಗೆ ಬರುವವನಾದ. ತಂಗಿಯನ್ನು ಗಂಡನ ಮನೆಗೆ ಕಳುಹಿಸಿದ ದಿನ ಅವನು ಹುಲ್ಲಿನ ಬಣವೆಯ ಮರೆಯಲ್ಲಿ ನಿಂತು ಬಿಕ್ಕುತ್ತಿದ್ದುದನ್ನು ಕಂಡು, “ಥೂ, ಹೆಂಗಸರಂಗೆ!” ಎಂದಿದ್ದಳು ಚೌಡವ್ವ. ಅವನು ಕಣ್ಣೊರೆಸಿಕೊಂಡ. ಅಂದಿನಿಂದ ತಂಗಿಯ ಸುದ್ದಿಯನ್ನು ತಾಯಿಯೆದುರು ಅವನು ಎತ್ತಿದ್ದೇ ಇಲ್ಲ.

ದಿನವೂ ಸಂಜೆ ಚೈತ್ರಾಳ ಫೋನು ಬರುತ್ತಿತ್ತು. ಅದರಲ್ಲಿ ಆಡುತ್ತಿದ್ದುದು ಬಾಯಿಪಾಠದಂಥ ಮಾತು.

“ಚೆನ್ನಾಗಿದೀಯೇನವ್ವ?”

“ಚೆನ್ನಾಗಿದೀನಿ. ನೀನು?”

“ನಾನೂ ಚೆನ್ನಾಗಿದೀನಿ.”

ಹೆಣ್ಣುಮಗಳು ತವರಿನವರಿಗೆ ಚಿಂತೆ ಕೊಡಬಾರದು, ತವರಿನವರು ಹೆಣ್ಣುಮಗಳಿಗೆ ಚಿಂತೆ ಕೊಡಬಾರದು. ಮರಿಯವ್ವನ ಕಾಲದಿಂದಲೂ ಅದೇ ನಡೆ. ಚೌಡವ್ವ ಬಿದ್ದು ಸೊಂಟ ಉಳುಕಿಸಿಕೊಂಡು ಮಲಗಿದ್ದಾಗಲೂ ಚೆನ್ನಾಗಿದೀನಿ ಎಂದೇ ಹೇಳಿದ್ದಳು. ಆದರೆ ಸ್ನೇಹಾಳ ಮಾತು ಕೇಳಿದ ವಾರದಲ್ಲೇ ಒಂದು ಸಂಜೆ, ಬಾಯಿಪಾಠದ ನಡುವೆ ಚೈತ್ರಾ, “ತಡಿಯವ್ವ, ಈ ಕಿವಿಗೆ ಹಿಡಕೊಳ್ತೀನಿ” ಎಂದಳು.

“ಆ ಕಿವಿಗೇನಾತು?”

“ಏನಿಲ್ಲ. ಎಡಗಿವಿಗೆ ನೀರು ಹೋಗೈತೆ.”

ಕಿವಿಗೆ ಹೋದ ನೀರು ಎರಡು ದಿನಕ್ಕೆ ಆರುತ್ತದೆ. ಮರುದಿನವೂ, ಅದರ ಮರುದಿನವೂ, ಹುಣ್ಣಿಮೆ ಕಳೆದು ಅಮಾವಾಸ್ಯೆ ಬಂದರೂ, ಚೈತ್ರಾ, “ತಡಿಯವ್ವ, ಈ ಕಿವಿಗೆ ಹಿಡಕೊಳ್ತೀನಿ” ಎನ್ನುವುದು ನಿಲ್ಲಲಿಲ್ಲ. ಅಳಿಯ ಯೋಗರಾಜ್‌ನ ಕೈ ಎಂಥದೆಂದು ಚೌಡವ್ವನಿಗೆ ಗೊತ್ತಿತ್ತು. ಟೈರು ಎತ್ತಿ ಹಾಕುವ ಅಂಗಡಿಯವನ ಕೈ.

ಮೆಕ್ಕೆಜೋಳದ ತೆನೆ ಸುಲಿಯುತ್ತ ಕುಳಿತಿದ್ದ ಗಂಡ ಸಣ್ಣಬೀರಪ್ಪನೆದುರು ಅವಳು ಈ ಮಾತೆತ್ತಿದಳು.

“ಹೊಡದ ಅಂತ ಅವಳು ಹೇಳಿದ್ಲಾ?” ಎಂದ ಅವನು.

“ಹೇಳಿಲ್ಲ.”

“ಮತ್ತೆ? ಮಗಳು ಒಂದು ಮಾತು ಅನ್ಲಿ, ಗಿರೀಶನ ಗಾಡಿ ತಗಂಡು ಈಗ್ಲೇ ಹೋಗಿ ಕರ್ಕಂಡು ಬರ್ತೀನಿ. ಯಾರಪ್ಪನ ಅಂಜಿಕೆನೂ ಇಲ್ಲ ನಂಗೆ. ಆದ್ರೆ ಅವಳು ಚೆನ್ನಾಗಿದೀನಿ ಅನ್ನೋದು, ನಾವು ಹೋಗಿ ಜಗಳ ತೆಗೆಯೋದು, ನಾಳೆ ಕುಲಸ್ಥರು ಕೂಡಿದಾಗ ಅವಳೇ ಇಲ್ಲ ಅಂದ್ಲು ಅಂದ್ರೆ ಮುಖ ಎಲ್ಲಿಡೋದು? ಒಂದೇ ಮಾತು ಸಾಕು. ಅದು ಅವಳ ಬಾಯಿಂದ ಬರಬೇಕು.”

ಚೌಡವ್ವನಿಗೆ ಅದು ಅನ್ಯಾಯದ ಮಾತೆಂದು ತೋರಲಿಲ್ಲ. ಒಂದು ಮಾತು ತಾನೆ? ಎದುರಿಗೆ ಕುಳಿತು, ಕೈ ಹಿಡಿದು ಕೇಳಿದರೆ ಯಾವ ಮಗಳು ಹೆತ್ತವಳಿಗೆ ಹೇಳುವುದಿಲ್ಲ?

ಸೋಮವಾರ ದ್ರಾಕ್ಷಾಯಣಮ್ಮನವರ ಮನೆಯ ಕೆಲಸವನ್ನು ಬೇಗ ಮುಗಿಸಿ ಚೌಡವ್ವ ಹರಿಹರದ ಬಸ್ಸು ಹತ್ತಿದಳು. ಮೊದಲು ಹರಿಹರೇಶ್ವರನ ದರ್ಶನ ಮಾಡಿ, ನಂತರ ಮಗಳ ಮನೆಗೆ ಹೋಗುವುದು ಅವಳ ರೂಢಿ. ಗರ್ಭಗುಡಿಯಲ್ಲಿ ಆಗ ಅಭಿಷೇಕ ನಡೆದಿತ್ತು. ಒಂದೇ ಶಿಲೆಯಲ್ಲಿ ಬಲಕ್ಕೆ ಹರನಾಗಿ, ಎಡಕ್ಕೆ ಹರಿಯಾಗಿ ನಿಂತಿರುವ ಆ ಮೂರ್ತಿಯ ನೆತ್ತಿಯ ಮೇಲೆ ಅರ್ಚಕರು ಬಿಂದಿಗೆ ಬಗ್ಗಿಸಿದರು. ನೀರು ಈ ಪಾಲು ಯಾರದು, ಆ ಪಾಲು ಯಾರದು ಎಂದು ವಿಚಾರಿಸಲಿಲ್ಲ. ಎರಡೂ ಭುಜಗಳ ಮೇಲೆ ಸಮನಾಗಿ ಇಳಿದು, ಪಾದದ ಬಳಿ ಒಂದೇ ಆಗಿ ಹರಿಯಿತು. ಬಾಳೆಲ್ಲ ನೀರು ಹಾಕಿಯೇ ಜೀವಿಸಿದ ಚೌಡವ್ವ ಆ ನೀರಿನಿಂದ ಕಣ್ಣು ಕೀಳಲಾರದೆ ನಿಂತಳು. ತಾನು ಏನು ಬೇಡಿಕೊಳ್ಳಲು ಬಂದೆನೆಂಬುದೂ ಅವಳಿಗೆ ಮರೆತುಹೋಯಿತು. ಹಿಂದಿನವರು ತಳ್ಳಿದಾಗ ತೀರ್ಥ ತೆಗೆದುಕೊಂಡು ಹೊರಗೆ ಬಂದಳು.

“ಬರ್ರಿ ಬೀಗ್ರೆ, ಕೂಡ್ರಿ. ಬಿಸಿಲಾಗ ಬಂದೀರಿ, ಮಜ್ಜಿಗೆ ಕುಡೀರಿ” ಎಂದು ಚೈತ್ರಾಳ ಅತ್ತೆ ಲಕ್ಷ್ಮೀದೇವಿ ಬಾಯಿತುಂಬ ಬರಮಾಡಿಕೊಂಡಳು. ಚೈತ್ರಾ ಹಿತ್ತಲ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಚೌಡವ್ವ ಹಿತ್ತಲ ಬಾಗಿಲಲ್ಲಿ, ಮಗಳ ಎಡಕ್ಕೆ ನಿಂತು, “ಚೈತ್ರಾ” ಎಂದಳು. ಅವಳು ತಿರುಗಲಿಲ್ಲ. ಇನ್ನೊಮ್ಮೆ ಕರೆದಳು. ಸೆರಗಿನ ನೆರಳು ಪಾತ್ರೆಯ ಮೇಲೆ ಬಿದ್ದಾಗಲೇ ಅವಳು ಬೆಚ್ಚಿ ತಲೆಯೆತ್ತಿದ್ದು.

“ಅವ್ವಾ! ಯಾವಾಗ ಬಂದಿ?”

ಮೂಲೆಯಲ್ಲಿ ಮೂರು ವರ್ಷದ ಮೊಮ್ಮಗಳು ಕಾಲು ನೀಡಿ ಕುಳಿತು, ಕಾಲಿನ ಮೇಲೆ ಪ್ಲಾಸ್ಟಿಕ್ಕಿನ ಗೊಂಬೆಯೊಂದನ್ನು ಮಲಗಿಸಿಕೊಂಡು ಲೋಟದಿಂದ ನೀರು ಹಾಕುತ್ತಿತ್ತು. ಚೌಡವ್ವ ಮಗಳ ಒದ್ದೆ ಕೈ ಹಿಡಿದು ಬಾವಿಕಟ್ಟೆಯ ಮೇಲೆ ಕೂಡಿಸಿ, ಬಲಗಿವಿಯ ಕಡೆಗೆ ಬಾಗಿ ಕೇಳಿದಳು.

“ಕಿವಿಗೆ ಏನಾತು, ನಿಜ ಹೇಳು.”

“ನೀರು ಹೋಗೈತೆ ಅಂದ್ನಲ್ಲವ್ವ.”

“ಹೋಗಿಲ್ಲ. ನಿನ್ನ ಕಿವಿಗೆ ಒಂದು ಹನಿ ಹೋಗದಂಗೆ ನೀರು ಹಾಕಿದಾಕಿ ನಾನು. ನನ್ನ ಮುಂದೆ ನೀರಿನ ಮಾತು ಆಡಬ್ಯಾಡ.”

ಚೈತ್ರಾ ನಕ್ಕಳು. ಆ ನಗೆಯನ್ನು ನೋಡುವುದಕ್ಕಿಂತ ಅಳುವನ್ನು ನೋಡುವುದು ಸುಲಭವಾಗಿತ್ತು.

“ಒಂದು ಮಾತು ಅನ್ನು ನನ್ನವ್ವ. ಒಂದೇ ಒಂದು. ನಿಮ್ಮಪ್ಪ ಗಾಡಿ ತಗಂಡು ಬರ್ತೀನಿ ಅಂದಾನೆ. ಈ ಕೂಸನ್ನೂ ಕರ್ಕಂಡು ಹೋಗೋಣ.”

ಚೈತ್ರಾಳ ತುಟಿ ಬಿಚ್ಚಿತು. ಆ ಕ್ಷಣದಲ್ಲಿ ಮೂಲೆಯಿಂದ ಮೊಮ್ಮಗಳ ಉತ್ಸಾಹದ ದನಿ ಕೇಳಿಬಂದಿತು. “ಅವ್ವಾ, ನೋಡಿಲ್ಲಿ, ನನ್ನ ಗೊಂಬಿ ಅಳಂಗೇ ಇಲ್ಲ!” ಕೂಸು ತನ್ನ ಪುಟ್ಟ ಹೆಬ್ಬೆರಳನ್ನು ಗೊಂಬೆಯ ಬಾಯಿಗೆ ಅಡ್ಡಲಾಗಿ ಒತ್ತಿ ಹಿಡಿದಿತ್ತು. “ಒಳಗಿರ್ಲಿ, ಒಳಗಿರ್ಲಿ” ಎನ್ನುತ್ತಿತ್ತು.

ಆ ಕೂಸಿಗೂ ನೀರು ಹಾಕಿದವಳು ಚೌಡವ್ವನೇ. ಆದರೆ ಹಸುಗೂಸಿಗೆ ನೆನಪೆಲ್ಲಿಯದು? ತಾಯಿ ತೋರಿಸಿಕೊಟ್ಟಿರಬೇಕು. ಅವಳು ಮಗಳತ್ತ ತಿರುಗುವಷ್ಟರಲ್ಲಿ ತುಟಿ ಕೂಡಿಕೊಂಡಿತ್ತು.

“ಚೆನ್ನಾಗಿದೀನವ್ವ” ಎಂದಳು ಚೈತ್ರಾ, ಪಾತ್ರೆಗಳತ್ತ ಎದ್ದು ಹೋಗುತ್ತ.

ಊಟದ ಹೊತ್ತಿಗೆ ಯೋಗರಾಜ್ ಅಂಗಡಿಯಿಂದ ಬಂದು, “ಆರಾಮ್ ಅದೀರೇನತ್ತಿ?” ಎಂದು ಕೇಳಿ ತಟ್ಟೆಯ ಮುಂದೆ ಕುಳಿತ. ಸಭ್ಯ ಮಾತಿನವನೇ. ಅನ್ನ ಕಲಸುವ ಅವನ ಅಗಲವಾದ ಅಂಗೈಯನ್ನು ನೋಡುತ್ತ ಚೌಡವ್ವನಿಗೆ ಬೇರೊಂದು ಯೋಚನೆ ಬಂದಿತು. ಇವನನ್ನೂ ಯಾವಳೋ ಒಬ್ಬಳು ರಟ್ಟೆ ಎಳೆದೆಳೆದು ಮೀಯಿಸಿರಬೇಕು. ಕಿರುಚಿದರೆ ಇನ್ನೂ ಗುಡುಗು ಎಂದಿರಬೇಕು. ಅಳಲು ಬಂದ ದಿನ ಥೂ ಎಂದಿರಬೇಕು. ಅವಳ ಕೈಯನ್ನೂ ಎಲ್ಲರೂ ಕೊಂಡಾಡಿರಬೇಕು.

ಇನ್ನು ಸುಮ್ಮನಿದ್ದರೆ ಆಗದೆಂದು ಚೌಡವ್ವ ಕುಡಿಯುತ್ತಿದ್ದ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು. “ಬೀಗ್ರೆ, ನನ್ನ ಮಗಳಿಗೆ ಎಡಗಿವಿ ಕೇಳಂಗಿಲ್ಲ. ಯಾರು ಹೊಡದ್ರು?”

ಯೋಗರಾಜ್‌ನ ಕೈ ತಟ್ಟೆಯಲ್ಲಿ ನಿಂತಿತು. ಲಕ್ಷ್ಮೀದೇವಿ ಮಾತ್ರ ಗಾಬರಿಯಾಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಅಡುಗೆಮನೆಯತ್ತ ಕತ್ತು ಹೊರಳಿಸಿ, “ಏನವ್ವ ಚೈತ್ರಾ, ನಿಮ್ಮವ್ವ ಏನೋ ಕೇಳ್ತಾರೆ ನೋಡು. ಈ ಮನಿಯಾಗ ಯಾರಾದ್ರೂ ನಿಂಗೆ ಹೊಡದಾರೇನು?” ಎಂದು ಕೇಳಿದಳು.

ಚೈತ್ರಾ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಳು. ತಾಯಿಯ ಮುಖ, ಅತ್ತೆಯ ಮುಖ, ಗಂಡನ ಬಾಗಿದ ತಲೆ, ಎಲ್ಲದರ ಮೇಲೂ ಅವಳ ಕಣ್ಣು ಹಾದುಹೋಯಿತು.

“ಇಲ್ಲತ್ತಿ. ನೀರು ಹೋಗೈತೆ ಅಷ್ಟೇ.”

ಪಕ್ಕದ ಕೋಣೆಗೂ ಕೇಳದಂಥ, ಹೊಸ್ತಿಲನ್ನು ಎಂದಿಗೂ ದಾಟದಂಥ ದನಿ. ಅದನ್ನು ಆ ಅಳತೆಗೆ ಇಳಿಸಲು ಚೌಡವ್ವನಿಗೆ ಹದಿನಾಲ್ಕು ವರ್ಷ ಹಿಡಿದಿತ್ತು.

“ಕೇಳಿದ್ರಲ್ಲ?” ಎಂದಳು ಲಕ್ಷ್ಮೀದೇವಿ. “ನಂಗೇನು ಬ್ಯಾಸರ ಇಲ್ಲ ಬಿಡ್ರಿ, ಹೆತ್ತ ಕರುಳು, ಏನೇನೋ ಅನಸ್ತೈತೆ. ಈ ಹುಡುಗಿ ಬಂದಾಗಿಂದ ಒಂದಿನ ಎದುರು ಮಾತಾಡಿಲ್ಲ ನೋಡ್ರಿ. ಓಣಿಯಾಗೆಲ್ಲ ನಾನು ಹೇಳ್ತೀನಿ. ಚೆನ್ನಾಗಿ ಬೆಳೆಸೀರಿ ಬೀಗ್ರೆ.”

ಕುಂದು ಹೇಳಿದ್ದರೆ ಎದುರುತ್ತರ ಕೊಡಬಹುದಿತ್ತು. ಆ ಹೊಗಳಿಕೆ ಕೇಳಿ ಚೌಡವ್ವ ಸೆರಗು ಸರಿಪಡಿಸಿಕೊಂಡು ಊರಿಗೆ ಹೊರಟಳು. ಬಸ್ಸಿನ ಕಿಟಕಿಯ ಪಕ್ಕ ಕುಳಿತು ಊರು ಸೇರುವವರೆಗೂ ಅವಳು ತನ್ನ ಬಲಗೈಯನ್ನು ಮಡಿಲಿನಲ್ಲಿ, ಪರರ ವಸ್ತುವೊಂದನ್ನು ಇಟ್ಟುಕೊಂಡವಳಂತೆ ಇಟ್ಟುಕೊಂಡಿದ್ದಳು.

“ಏನಂದ್ಲು?” ಎಂದು ಸಣ್ಣಬೀರಪ್ಪ ಕೇಳಿದ.

“ಚೆನ್ನಾಗಿದೀನಿ ಅಂದ್ಲು.”

“ಅಂದ್ಮೇಲೆ ಮುಗೀತಲ್ಲ.”

“ಅವಳು ಹೇಳಂಗಿಲ್ಲ ಕಣಯ್ಯ. ಆ ಬಾಯಿ ಮುಚ್ಚಿದಾಕಿ ನಾನು. ನಾನೇ ಬೀಗ ಹಾಕಿ, ನಾನೇ ಹೊರಗೆ ನಿಂತು ಬಾಗಿಲು ತೆಗಿ ಅಂದ್ರೆ ಅವಳೆಂಗೆ ತೆಗೀತಾಳೆ?”

ಅವನು, “ಕುಲಸ್ಥರ ಮುಂದೆ ಇದನ್ನ ಹೆಂಗೆ ಹೇಳಾದು ಹೇಳು” ಎಂದ. ಕೆಟ್ಟವನಲ್ಲ, ಅವನಿಗೂ ದಾರಿ ಕಾಣುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಿ ಬ್ಲಾಕಿನ ಬಚ್ಚಲಿನಲ್ಲಿ ಗಂಡುಕೂಸಿಗೆ ಮೊದಲು ನೀರಾಯಿತು. ಅದಕ್ಕೆ ಲೋಬಾನದ ಹೊಗೆ ತೋರಿಸಿ ಸ್ನೇಹಾಳ ಮಗ್ಗುಲಲ್ಲಿ ಮಲಗಿಸಿ ಬಂದು, ಹೆಣ್ಣುಕೂಸನ್ನು ಕಾಲಿನ ಮೇಲೆ ತೆಗೆದುಕೊಂಡಳು. ಮೊದಲ ಚೊಂಬಿಗೇ ಅದು ಕಿರುಚಿತು. ಹೆಬ್ಬೆರಳು ತಾನಾಗಿ ಎದ್ದು ಅರ್ಧದಾರಿಗೆ ಬಂದಿತ್ತು. ಅವಳು ಅದನ್ನು ಮಡಿಸಿ ಮುಷ್ಟಿಯೊಳಗೆ ಸೇರಿಸಿದಳು. ಒಂದೇ ಕೈಯಲ್ಲಿ ನೀರು ಹಾಕುವುದು ಅಭ್ಯಾಸವಿಲ್ಲ. ಚೊಂಬು ತಡವರಿಸಿತು. ಕೂಸು ಇನ್ನೂ ಜೋರಾಗಿ ಅತ್ತಿತು. ಬಚ್ಚಲಿನ ಗೋಡೆಗೆ ತಾಗಿ ಆ ಅಳು ಇಮ್ಮಡಿಯಾಯಿತು.

“ಚೌಡವ್ವಾ!” ಒಳಕೋಣೆಯಿಂದ ಸ್ನೇಹಾಳ ನಿದ್ದೆಗೆಟ್ಟ ದನಿ. “ತಮ್ಮ ಈಗ ಕಣ್ಣು ಮುಚ್ಯಾನೆ. ಅವಳನ್ನ ಸುಮ್ಮನಿರಿಸೇ ಮಾರಾಯ್ತಿ!”

ಕೈಯಲ್ಲಿದ್ದ ಚೊಂಬು ಹಾಗೆಯೇ ನಿಂತಿತು. ಲಿಂಗದ ಮಾತೆತ್ತಿದ್ದ ಅದೇ ಸ್ನೇಹಾ. ಇರುಳೆಲ್ಲ ಎರಡು ಕೂಸುಗಳಿಗೆ ಹಾಲೂಡಿ ಬಳಲಿದವಳು. ತಾನೇನು ಹೇಳಿದೆನೆಂಬ ಅರಿವು ಅವಳಿಗಿರಲಿಲ್ಲ.

“ಅಳ್ಲಿ ಬಿಡು ಸ್ನೇಹವ್ವ. ಅದಕ್ಕೂ ಅಳು ಬಂದೈತೆ.”

ಆಗ ದ್ರಾಕ್ಷಾಯಣಮ್ಮನವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಂತೆಯೇ ಬಚ್ಚಲ ಬಾಗಿಲಿಗೆ ಬಂದರು. “ಏನಾಗೈತೆ ನಿಂಗೆ ಇವತ್ತು? ಬೀದಿಗೆಲ್ಲ ಕೇಳ್ತೈತೆ. ಬಾಯಿ ಹಿಡಿ ಅದರದ್ದು.” ಚೌಡವ್ವ ಕದಲಲಿಲ್ಲ. “ಸರಿ ಹೋತು” ಎಂದು ಗೊಣಗಿ, ಅವರೇ ಬಾಗಿ, ಮಮತೆಯಿಂದಲೇ, ಮೊಮ್ಮಗಳ ತುಟಿಯ ಮೇಲೆ ತಮ್ಮ ಹೆಬ್ಬೆರಳನ್ನು ಅಡ್ಡಲಾಗಿಟ್ಟು ಒತ್ತಿದರು. ಕೂಸು ಒಮ್ಮೆ ಬಿಕ್ಕಿ ಸುಮ್ಮನಾಯಿತು. ತುಟಿಯ ಮೇಲೆ ವಿಭೂತಿಯ ಬಿಳಿಗೆರೆಯೊಂದು ಉಳಿಯಿತು.

“ಇಷ್ಟೇ ತಾನೆ? ನಿಮ್ಮವ್ವನ್ನ ನೋಡಿ ಕಲ್ತಿದ್ದು” ಎಂದು ನಗುತ್ತ ಅವರು ಹೊರಟುಹೋದರು.

ಚೌಡವ್ವ ಆ ಗೆರೆಯನ್ನು ತೊಳೆದಳು. ತನ್ನ ಹೆಬ್ಬೆರಳನ್ನು ಮಡಿಸಿಕೊಂಡರೆ ಏನಾಯಿತು? ಆ ಮನೆಯಲ್ಲಿ ಇನ್ನೆಷ್ಟು ಹೆಬ್ಬೆರಳುಗಳಿವೆ, ಆ ಬೀದಿಯಲ್ಲಿ ಎಷ್ಟಿವೆ. ಹರಿಹರದ ಹಿತ್ತಲಿನ ಮೂಲೆಯಲ್ಲಿ, ನೆಲ್ಲಿಕಾಯಿಯಷ್ಟೂ ಇಲ್ಲದ ಒಂದು ಹೆಬ್ಬೆರಳಿದೆ. ಕೂಸನ್ನು ಒರೆಸಿ, ಬಟ್ಟೆ ಸುತ್ತಿ, ಹೆಣ್ಣುಕೂಸಿಗೆ ಎಂದಿನಂತೆ ಹೊಸ್ತಿಲು ತೋರಿಸದೆ, ಒಳಮುಖವಾಗಿ ಎತ್ತಿಕೊಂಡು ತಾಯಿಯ ಬಳಿ ಮಲಗಿಸಿದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಬಂದಿತು. ಸಣ್ಣಬೀರಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಹರಿಹರದ ಮನೆಯಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಚೈತ್ರಾ ಬಾಯಿಪಾಠ ತೆಗೆದಳು.

“ಚೆನ್ನಾಗಿದೀಯೇನವ್ವ?”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ತನ್ನ ತಾಯಿ ಹೇಳಿದ್ದು, ತಾನು ಹೇಳುತ್ತ ಬಂದದ್ದು, ಮಗಳು ಕೇಳುತ್ತ ಕಲಿತದ್ದು. ಚೌಡವ್ವ ಬಾಯಿ ತೆರೆದಳು. ಆ ಮಾತು ಹೊರಡಲಿಲ್ಲ.

“ಇಲ್ಲ ಕಣೇ” ಎಂದಳು. “ನಾನು ಚೆನ್ನಾಗಿಲ್ಲ.”

ಜಗಲಿಯಲ್ಲಿ ಹಗ್ಗ ಹೊಸೆಯುವ ಸದ್ದು ನಿಂತಿತು.

“ಯಾಕವ್ವ? ಏನಾತು?”

“ನನ್ನ ಮಗಳಿಗೆ ಒಂದು ಕಿವಿ ಕೇಳಂಗಿಲ್ಲ. ನಾನು ಹೆಂಗೆ ಚೆನ್ನಾಗಿರಲಿ? ನಿನ್ನೆ ಬಂದಾಗಿಂದ ಅನ್ನ ಇಳಿವಲ್ಲದು. ಚೆನ್ನಾಗಿಲ್ಲ ನಾನು.”

ಆ ಕಡೆ ಎಲ್ಲೋ ಹಿಂದೆ ಲಕ್ಷ್ಮೀದೇವಿ ಯಾರನ್ನೋ ಕರೆಯುತ್ತಿದ್ದುದು, ಪಾತ್ರೆಯೊಂದನ್ನು ನೆಲಕ್ಕಿಟ್ಟ ಸದ್ದು, ಇಷ್ಟು ಕೇಳಿಸಿತು. ಅಂಥ ಸದ್ದು ಕೇಳಿದೊಡನೆ ಇಡ್ತೀನವ್ವ ಎಂದು ಫೋನು ಇಟ್ಟುಬಿಡುವ ಹುಡುಗಿ ಇಂದು ಇಡಲಿಲ್ಲ. ಮಾತನ್ನೂ ಆಡಲಿಲ್ಲ. ಅವಳ ಉಸಿರು ಮಾತ್ರ ಹೋಗಿ ಬರುತ್ತಿತ್ತು, ಹೋಗಿ ಬರುತ್ತಿತ್ತು. ಚೌಡವ್ವ ಫೋನನ್ನು ಕಿವಿಗೆ ಒತ್ತಿಹಿಡಿದು, ಹೊಸ್ತಿಲ ಬಳಿ ಬಂದು ನಿಂತಿದ್ದ ಗಂಡನತ್ತ ಸುಮ್ಮನಿರೆಂದು ಕೈಸನ್ನೆ ಮಾಡಿ, ಆ ಉಸಿರನ್ನೇ ಆಲಿಸುತ್ತ ಕುಳಿತಳು.